ಪಾರ್ಲರ್ ನಡೆಸುವವರು ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಏನು ಹೇಳುತ್ತಾರೆ?

ನಿಮಗೆ 36 ವರ್ಷ, ದಿನವೂ ಬಸ್ಸಿನಲ್ಲಿ ಕಚೇರಿಗೆ ಹೋಗಿಬರುತ್ತೀರಿ, ಎರಡು ಕೆನ್ನೆಗಳ ಮೇಲೂ ಬಂಗು ಬಂದಿದೆ, ಕೂದಲು ಉದುರುತ್ತಿದೆ, ಬೆಳಿಗ್ಗೆ ಹಚ್ಚಿದ ಫೌಂಡೇಶನ್ ಮಧ್ಯಾಹ್ನದ ಊಟದ ಹೊತ್ತಿಗೆ ಬೂದಿ ಬಳಿದಂತಾಗುತ್ತದೆ, ಮುಂದಿನ ತಿಂಗಳು ತಂಗಿಯ ಮದುವೆಯೂ ಇದೆ. ಇಷ್ಟನ್ನೂ ಬರೆದು, ಪಾರ್ಲರ್‌ನವರು ಗಿರಾಕಿಗಳಿಗೆ ಹೇಳುವುದು ಬೇಡ, ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳುವುದನ್ನೇ ಹೇಳಿ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ 19 ವರ್ಷಗಳಿಂದ ಒಂದು ಸಣ್ಣ ಪಾರ್ಲರ್ ನಡೆಸುತ್ತಿದ್ದೇನೆ; ಮೂರು ಕುರ್ಚಿ, ಒಂದು ಫೇಶಿಯಲ್ ಮಂಚ, ಕೈಕೆಳಗೆ ಇಬ್ಬರು ಹುಡುಗಿಯರು. ನನ್ನ ಸ್ವಂತ ತಂಗಿಗೆ ನಾನು ಹೇಳುವ ಮೊದಲ ಮಾತು ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ: ಹೊಸದಾಗಿ ಏನು ಹಚ್ಚಲಿ ಎಂದು ಕೇಳುವುದಕ್ಕೆ ಮೊದಲು, ಈಗ ಹಚ್ಚುತ್ತಿರುವುದರಲ್ಲಿ ಯಾವುದನ್ನು ಬಿಡಬೇಕು ಎಂದು ನೋಡಿಕೊಳ್ಳಬೇಕು.

ಬಂಗಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಂಗಸರು ಮುಖ ಕೆಡಿಸಿಕೊಳ್ಳುವುದು ಹೆಚ್ಚಾಗಿ ಅದನ್ನು ಹೋಗಲಾಡಿಸುವ ಆತುರದಲ್ಲಿಯೇ. ಸುಮಾರು ಹನ್ನೆರಡು ವರ್ಷಗಳ ಹಿಂದೆ, ಪಾರ್ಲರ್‌ಗೆ ಸಾಮಾನು ತಂದುಕೊಡುತ್ತಿದ್ದವರೊಬ್ಬರು ನನಗೆ ಬಿಳಿಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದು ಕ್ರೀಮ್ ಕೊಡುತ್ತಿದ್ದರು. ಡಬ್ಬಿಯ ಮೇಲೆ ತಯಾರಕರ ಹೆಸರಿರಲಿಲ್ಲ, ಒಳಗೆ ಏನೇನಿದೆ ಎಂಬ ಪಟ್ಟಿಯೂ ಇರಲಿಲ್ಲ. ಶಾಲಾ ಶಿಕ್ಷಕಿಯೊಬ್ಬರಿಗೆ ನಾನೇ ಅದನ್ನು ಕೊಟ್ಟೆ. ಹತ್ತೇ ದಿನಗಳಲ್ಲಿ ಅವರ ಮುಖ ಎಷ್ಟು ತಿಳಿಯಾಯಿತೆಂದರೆ, ತಮ್ಮ ಜೊತೆ ಕೆಲಸ ಮಾಡುವ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ನಾಲ್ಕು ತಿಂಗಳಾದ ಮೇಲೆ ಅದೇ ಶಿಕ್ಷಕಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಂದು ನನ್ನ ಮುಂದೆ ಕುಳಿತಾಗ, ಕೆನ್ನೆಗಳು ಕೆಂಪಾಗಿ, ಕೆಂಪು ದಾರದ ಎಳೆಗಳಂತೆ ರಕ್ತನಾಳಗಳು ಚರ್ಮದ ಮೇಲೆಯೇ ಕಾಣುತ್ತಿದ್ದವು. ಗದ್ದದ ಮೇಲೆ ಮೊದಲಿಲ್ಲದ ನವಿರು ಕೂದಲು ಎದ್ದಿತ್ತು. ಎರಡು ದಿನ ಕ್ರೀಮ್ ಬಿಟ್ಟರೆ ಒಲೆಯ ಮುಂದೆ ನಿಲ್ಲಲಾಗದಷ್ಟು ಉರಿ ಎಂದು ಹೇಳಿದರು. ಚರ್ಮವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದೆ. ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಇದು ಎಂದು ವೈದ್ಯರು ಮುಖ ನೋಡಿಯೇ ಹೇಳಿದರು. ಸರಿಹೋಗಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಶಿಕ್ಷಕಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಆದರೆ ಮತ್ತೆ ನನ್ನ ಪಾರ್ಲರ್ ಮೆಟ್ಟಿಲು ಹತ್ತಲಿಲ್ಲ.

ಸ್ಟೀರಾಯ್ಡ್ ಕ್ರೀಮ್ ಹಚ್ಚಿದಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಉರಿಯೂತ ಇಳಿಯುತ್ತದೆ, ಹೀಗಾಗಿ ಮುಖ ಮೊದಲು ಬೆಳ್ಳಗಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಅದೇ ಚರ್ಮ ತೆಳುವಾಗುತ್ತದೆ. ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಅದರ ಜೊತೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಎಂಬ ಔಷಧಗಳು, ಈ ಮೂರೂ ಸೇರಿದ ಮುಲಾಮನ್ನು ವೈದ್ಯರು ಬಂಗಿಗೆ ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವುದುಂಟು, ಆದರೆ ಅದೇ ಟ್ಯೂಬನ್ನು ನಮ್ಮ ಹೆಂಗಸರು ಔಷಧದ ಅಂಗಡಿಯಿಂದ ತಂದು ವರ್ಷಗಟ್ಟಲೆ ಸ್ನೋ ಹಚ್ಚಿದಂತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತು. ಇದಕ್ಕಿಂತಲೂ ಕೆಟ್ಟದ್ದು ಪಾದರಸ ಬೆರೆತ ಕ್ರೀಮ್. ನಮ್ಮ ದೇಶದ ನಿಯಮದಂತೆ ಮುಖದ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸ ಕೂಡ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರುವಂತಿಲ್ಲ, ಆದರೂ ಹೊರಗಿನಿಂದ ಬರುವ, ಲೇಬಲ್ ಇಲ್ಲದ ಕ್ರೀಮುಗಳಲ್ಲಿ ಅದು ಹೇರಳವಾಗಿ ಸಿಕ್ಕಿದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯೆಂದು ಬಂದ ಹಲವರಲ್ಲಿ ಆ ಕಾಯಿಲೆಗೆ ಇಂತಹ ಕ್ರೀಮುಗಳೇ ಕಾರಣವೆಂದು ವೈದ್ಯರು ಗುರುತಿಸಿದ್ದರು. ಹಾಗಾಗಿ ನಿಮ್ಮ ಕಪಾಟಿನಲ್ಲಿ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿ ಯಾವುದಾದರೂ ಇದ್ದರೆ, ಅದನ್ನು ಯಾರು ಕೊಟ್ಟಿದ್ದರೂ ಬಳಸಬೇಡಿ. ಸ್ಟೀರಾಯ್ಡ್ ಎಂಬ ಅನುಮಾನವಿದ್ದು ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಮಾತ್ರ, ಬಿಡುವ ಕ್ರಮವನ್ನೂ ವೈದ್ಯರನ್ನೇ ಕೇಳಿ. ಒಮ್ಮೆಗೇ ಬಿಟ್ಟಾಗ ಏಳುವ ಉರಿಯನ್ನು ತಾಳಲಾರದೆ ಬಹಳ ಜನ ಮತ್ತೆ ಅದೇ ಟ್ಯೂಬಿಗೆ ಮರಳುತ್ತಾರೆ.

ಹಾಗಾದರೆ ಬಂಗಿಗೆ ಏನು ಮಾಡಬೇಕು? ಸನ್‌ಸ್ಕ್ರೀನ್ ಹಚ್ಚದೆ ಬೇರೆ ಏನನ್ನು ಹಚ್ಚಿದರೂ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ನೀವು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವವರೇ? ಸಾಮಾನ್ಯ ಗಾಜು ಚರ್ಮವನ್ನು ಸುಡುವ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಕಪ್ಪು ಕಲೆಗಳನ್ನು ಗಾಢವಾಗಿಸುವ ಯುವಿ-ಎ ಕಿರಣಗಳು ಅದನ್ನು ದಾಟಿ ಬರುತ್ತವೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯ, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬ ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 30 ಎಂದಿರುವುದು ಸುಡುವ ಕಿರಣಗಳ ಸುಮಾರು ಶೇ. 97ರಷ್ಟನ್ನೂ, 50 ಎಂದಿರುವುದು ಸುಮಾರು ಶೇ. 98ರಷ್ಟನ್ನೂ ತಡೆಯುತ್ತದೆ, ವ್ಯತ್ಯಾಸ ಅಷ್ಟೇ. ನಾವು ಸೋಲುವುದು ಹಚ್ಚುವ ಪ್ರಮಾಣದಲ್ಲಿ. ತೋರುಬೆರಳು ಮತ್ತು ನಡುಬೆರಳು, ಇವೆರಡರ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಬರುವಷ್ಟು ಕ್ರೀಮ್ ಮುಖಕ್ಕೂ ಕುತ್ತಿಗೆಗೂ ಬೇಕು. 50 ಗ್ರಾಂ ಟ್ಯೂಬ್ ನಿಮಗೆ ಆರು ತಿಂಗಳು ಬರುತ್ತಿದ್ದರೆ, ನೀವು ಅದನ್ನು ಹಚ್ಚುತ್ತಿಲ್ಲ, ಬರಿಯ ತೋರಿಸುತ್ತಿದ್ದೀರಿ. ಬಂಗಿರುವವರಿಗೆ ಇನ್ನೊಂದು ಸಂಗತಿ: ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಹೆಚ್ಚಿಸುತ್ತದೆ, ಅದನ್ನು ತಡೆಯುವುದು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಮಾತ್ರ. ಅದನ್ನೇ ಕೊಂಡರೆ ಅರ್ಧ ಮೇಕಪ್ಪೂ ಮುಗಿದಂತಾಗುತ್ತದೆ. ರಾತ್ರಿಗೆ ಅಜಲೇಯಿಕ್ ಆಸಿಡ್ ಅಥವಾ ನಯಾಸಿನಮೈಡ್ ಇರುವ ಸೌಮ್ಯ ಕ್ರೀಮ್ ಸಾಕು, ಫಲಕ್ಕೆ ಮೂರು ತಿಂಗಳಾದರೂ ಕಾಯಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಬಂಗಿಗೆ ಅದೂ ಒಂದು ಕಾರಣ.

ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಇವನ್ನು ಮುಖಕ್ಕೆ ಹಚ್ಚಬೇಡಿ. ಕಡಲೆಹಿಟ್ಟು ಮೊಸರಿನಿಂದ ಯಾರಿಗೂ ಕೆಡುಕಾಗಿದ್ದನ್ನು ನಾನು ಕಂಡಿಲ್ಲ, ಅದ್ಭುತವಾಗಿದ್ದನ್ನೂ ಕಂಡಿಲ್ಲ.

ಫೌಂಡೇಶನ್ ಬೂದಿಯಾಗುವುದಕ್ಕೆ ಕಾರಣ ಬಹುತೇಕ ನಿಮ್ಮ ಚರ್ಮವಲ್ಲ, ಅಂಗಡಿಯ ಟ್ಯೂಬ್‌ಲೈಟು ಮತ್ತು ಮಾರುವವರ ದಾಕ್ಷಿಣ್ಯ. ನಮ್ಮಲ್ಲಿ ಗಿರಾಕಿಗೆ ಅವರ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಬಣ್ಣ ತೋರಿಸುವುದು ಮರ್ಯಾದೆ ಎಂದಾಗಿಬಿಟ್ಟಿದೆ. ತಿಳಿಬಣ್ಣದ ಫೌಂಡೇಶನ್ನಿನಲ್ಲಿ ಬಿಳಿಯ ಪುಡಿಯ ಪಾಲು ಹೆಚ್ಚು, ಅದು ಕಂದು ಚರ್ಮದ ಮೇಲೆ ಕುಳಿತು, ಬೆವರು ಎಣ್ಣೆ ಸೇರಿ, ಮಧ್ಯಾಹ್ನಕ್ಕೆ ಬೂದು ಬಣ್ಣ ತಾಳುತ್ತದೆ. ಅದರ ಮೇಲೆ ಟಾಲ್ಕಂ ಪೌಡರ್ ಹಾಕಿದರಂತೂ ಮುಗಿಯಿತು. ಬಣ್ಣವನ್ನು ಕೈಯ ಮೇಲೆ ಪರೀಕ್ಷಿಸಬೇಡಿ, ದವಡೆಯ ಅಂಚಿನಲ್ಲಿ ಕುತ್ತಿಗೆಗೆ ತಾಗುವಂತೆ ಮೂರು ಗೆರೆ ಎಳೆಸಿಕೊಂಡು, ಅಂಗಡಿಯಿಂದ ಹೊರಗೆ ಬಂದು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಹಗಲು ಬೆಳಕಿನಲ್ಲಿ ಕನ್ನಡಿ ನೋಡಿ. ಯಾವ ಗೆರೆ ಕಾಣದಂತೆ ಮಾಯವಾಗಿದೆಯೋ ಅದೇ ನಿಮ್ಮ ಬಣ್ಣ. ಕಚೇರಿಗೆ ಮುಖವಿಡೀ ಬಳಿಯುವ ಅಗತ್ಯವೂ ಇಲ್ಲ, ಕಲೆಯಿರುವಲ್ಲಿ ಮಾತ್ರ ಬೆರಳಿನಿಂದ ತಟ್ಟಿದರೆ ಸಾಕು.

ಕಣ್ಣಿನ ಕೆಳಗಿನ ಕಪ್ಪಿಗೆ ನೇರವಾಗಿ ತಿಳಿಬಣ್ಣದ ಕನ್ಸೀಲರ್ ಹಚ್ಚಿದರೆ ಅಲ್ಲಿಯೂ ಬೂದಿಯೇ. ಅದಕ್ಕೆ ನಮ್ಮ ವೃತ್ತಿಯವರು ಮಾಡುವ ಸಣ್ಣ ಉಪಾಯವೊಂದಿದೆ: ಮೊದಲು ಕಿತ್ತಳೆ ಬಣ್ಣವನ್ನು ತೆಳುವಾಗಿ ತಟ್ಟಿ, ಅದರ ಮೇಲೆ ಕನ್ಸೀಲರ್ ಹಚ್ಚುತ್ತೇವೆ, ಏಕೆಂದರೆ ಕಪ್ಪಿನೊಳಗಿನ ನೀಲಿಛಾಯೆಯನ್ನು ಕಿತ್ತಳೆ ನುಂಗಿಬಿಡುತ್ತದೆ. ಇದಕ್ಕೆಂದೇ ಕರೆಕ್ಟರ್ ಸಿಗುತ್ತದೆ. ಒಂದು ದಿನದ ಮಟ್ಟಿಗಾದರೆ ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್ಕಿನ ಒಂದು ಸಾಸಿವೆಯಷ್ಟೂ ಸಾಕಾಗುತ್ತದೆ. ಅದೇ ಲಿಪ್‌ಸ್ಟಿಕ್ಕನ್ನು ಕೆನ್ನೆಗೂ ಒಂದಿಷ್ಟು ಸವರಿದರೆ ಮುಖಕ್ಕೆ ಜೀವ ಬರುತ್ತದೆ.

ನೀವು ಕೇಳಿಲ್ಲದಿದ್ದರೂ ಎರಡು ವಿಷಯಗಳನ್ನು ಹೇಳಬೇಕೆನಿಸುತ್ತದೆ. ಕುತ್ತಿಗೆಯ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದೆ, ಬ್ಲೀಚ್ ಮಾಡಿ ಎಂದು ವಾರಕ್ಕೊಬ್ಬರಾದರೂ ನನ್ನಲ್ಲಿಗೆ ಬರುತ್ತಾರೆ. ಅದು ಕೊಳೆಯಲ್ಲ, ತಿಕ್ಕಿದರೆ ಹೋಗುವುದೂ ಇಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಅದಾಗಿರುವುದೇ ಹೆಚ್ಚು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸಿದ್ದಕ್ಕೆ ಕೆಲವರು ಬೇಸರಪಟ್ಟು ಪಕ್ಕದ ಬೀದಿಯ ಪಾರ್ಲರ್‌ಗೆ ಹೋದದ್ದೂ ಉಂಟು. ಇನ್ನೊಂದು, ಹಣೆಯ ಸ್ಟಿಕ್ಕರ್ ಬೊಟ್ಟು. ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಕೆಲವರಲ್ಲಿ ಬೊಟ್ಟಿನ ಆಕಾರದಲ್ಲಿಯೇ ಬಿಳಿಯ ಕಲೆ ಮಾಡುತ್ತದೆ. ಬೊಟ್ಟಿನ ಜಾಗದಲ್ಲಿ ತುರಿಕೆ ಶುರುವಾದ ದಿನವೇ ಸ್ಟಿಕ್ಕರ್ ನಿಲ್ಲಿಸಿ. ರಾತ್ರಿ ಮಲಗುವಾಗ ಅದನ್ನು ತೆಗೆದು ಬಚ್ಚಲಮನೆಯ ಕನ್ನಡಿಗೆ ಅಂಟಿಸುವ ನಮ್ಮ ಹಳೆಯ ಅಭ್ಯಾಸ ಈ ದೃಷ್ಟಿಯಿಂದ ಒಳ್ಳೆಯದೇ.

ಇನ್ನು ಕೂದಲು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚು, ಬಾಚಣಿಗೆಯ ತುಂಬ ಬರುತ್ತಿದ್ದರೆ, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ: ಡೆಂಗಿ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳ ಪರಿಣಾಮ ತಲೆಯಲ್ಲಿ ಕಾಣಿಸುವುದು ಅಷ್ಟು ತಡವಾಗಿ. ಅಂತಹದು ತಾನಾಗಿಯೇ ನಿಲ್ಲುತ್ತದೆ, ಆ ಹೊತ್ತಿಗೆ ನೀವು ಯಾವ ಎಣ್ಣೆ ಹಚ್ಚುತ್ತಿದ್ದೀರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಬೈತಲೆ ಅಗಲವಾಗುತ್ತಾ ಹೋಗುತ್ತಿದ್ದರೆ ಮಾತ್ರ ಕಾಯಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ ಚರ್ಮವೈದ್ಯರನ್ನು ಕಾಣಿ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು ತೊಳೆಯುವಾಗ ಆಗುವ ಸವೆತವನ್ನು ಕಡಿಮೆ ಮಾಡುವುದು ನಿಜ, ಆದ್ದರಿಂದ ಸ್ನಾನಕ್ಕೆ ಒಂದೆರಡು ತಾಸು ಮೊದಲು ಕೂದಲಿನ ಉದ್ದಕ್ಕೂ ಹಚ್ಚಿ. ಆದರೆ ತಲೆಹೊಟ್ಟಿದ್ದವರು ಬುಡಕ್ಕೆ ಎಣ್ಣೆ ತಿಕ್ಕಿ ರಾತ್ರಿಯಿಡೀ ಬಿಡಬಾರದು, ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಅದಕ್ಕೆ ಶಿಲೀಂಧ್ರವನ್ನು ತಡೆಯುವ ಕಿಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದೇ ಸರಿ. ಹಣೆಯಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಅದೂ ತಲೆಯಿಂದ ಇಳಿದ ಎಣ್ಣೆಯದೇ ಕೆಲಸ.

ನಿಮ್ಮ ಮನೆಯಲ್ಲಿ ಕೊಳವೆಬಾವಿಯ ನೀರೇ? ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ ಅದೇ ಕ್ಷಾರ ಕೂದಲಿನ ಮೇಲೂ ಕೂರುತ್ತಿದೆ ಎಂದು ತಿಳಿಯಿರಿ. ಗಡಸು ನೀರಿನಿಂದ ಕೂದಲು ಒರಟಾಗಿ ನಡುವಿನಲ್ಲಿ ತುಂಡಾಗಬಹುದು. ಬುಡದಿಂದ ಉದುರುವುದೇ ಬೇರೆ, ತುಂಡಾಗುವುದೇ ಬೇರೆ. ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಗಂಟು ಇದೆಯೇ ಎಂದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ತುಂಡಾಗುತ್ತಿದ್ದರೆ ಕಂಡೀಷನರ್ ಬಿಡಬೇಡಿ, ಕೊನೆಯ ಎರಡು ತಂಬಿಗೆ ಮಾತ್ರ ಶುದ್ಧೀಕರಿಸಿದ ನೀರು ಹುಯ್ದುಕೊಳ್ಳಿ. ದಿನವೂ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟುವ ಜುಟ್ಟನ್ನು ಬಿಟ್ಟು ಸಡಿಲವಾದ ಜಡೆ ಹಾಕಿಕೊಳ್ಳಿ.

ಮದುವೆಗೆ ತಿಂಗಳಿದೆ ಎಂದಿರಿ. ಫೇಶಿಯಲ್ ಮಾಡಿಸುವುದಾದರೆ ಒಂದು ವಾರ ಮೊದಲೇ ಮಾಡಿಸಿ, ನೀವು ಹಿಂದೆ ಮಾಡಿಸಿಕೊಂಡು ಒಗ್ಗಿರುವುದನ್ನೇ ಮಾಡಿಸಿ. ಬ್ಲೀಚ್ ಬೇಡ, ಬಂಗಿನ ಮೇಲೆ ಅದು ಉರಿ ಎಬ್ಬಿಸಿದರೆ ಕಲೆ ಇನ್ನಷ್ಟು ಗಾಢವಾಗುತ್ತದೆ. ಕೂದಲು ನೇರಗೊಳಿಸುವ ಚಿಕಿತ್ಸೆಗೆ ಕುಳಿತಾಗ ಹೊಗೆಯೆದ್ದು ಕಣ್ಣು ಮೂಗು ಉರಿದರೆ, ಅರ್ಧಕ್ಕೇ ಆದರೂ ಎದ್ದು ಬನ್ನಿ, ಅದು ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಇರಬಹುದು. ಹೇರ್ ಡೈ ಹಚ್ಚುವವರಾದರೆ ಹಳೆಯ ಬ್ರಾಂಡೇ ಆಗಿದ್ದರೂ ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು 48 ಗಂಟೆ ನೋಡಿ. ಹತ್ತೇ ನಿಮಿಷದಲ್ಲಿ ಕಪ್ಪಾಗುವ ಮೆಹಂದಿ ಕೋನನ್ನು ಮದುಮಗಳ ಕೈಗೂ ಹಾಕಿಸಬೇಡಿ, ಏಕೆಂದರೆ ಗೋರಂಟಿ ಕೊಡುವುದು ಕೆಂಪು ಬಣ್ಣವನ್ನು ಮಾತ್ರ. ಕಪ್ಪು ಬರುವುದು ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕದಿಂದ, ಕೈಯ ಮೇಲೆ ಬೊಬ್ಬೆ ಎದ್ದದ್ದನ್ನು ನಾನು ಎರಡು ಮದುವೆಗಳಲ್ಲಿ ಕಂಡಿದ್ದೇನೆ. ಇನ್ನು ಮದುವೆಯ ಬೆಳಿಗ್ಗೆ ಯಾರಿಂದ ಮೇಕಪ್ ಮಾಡಿಸಿಕೊಂಡರೂ ಕಾಡಿಗೆ ಮತ್ತು ಲಿಪ್‌ಸ್ಟಿಕ್ ನಿಮ್ಮದೇ ಕೊಡಿ. ಮುಹೂರ್ತದ ಅವಸರದಲ್ಲಿ ಒಂದೇ ಕಾಡಿಗೆ ಕಡ್ಡಿ ಹತ್ತು ಜನರ ಕಣ್ಣು ಸುತ್ತಿ ಬರುತ್ತದೆ. ಮೊದಮೊದಲು ನಾನೂ ಹಾಗೆಯೇ ಮಾಡುತ್ತಿದ್ದೆ.