ನರ್ಸ್ ಕೆಲಸಕ್ಕೆ ಸೇರುವವರಿಗೆ ಎಲ್ಲ ಜಾತಿ, ಧರ್ಮದ ಆಚಾರ ಗೊತ್ತಿರಬೇಕಾ?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೊದಲ ಕೆಲಸಕ್ಕೆ ಸೇರುತ್ತಿದ್ದೀರಿ, ವಾರ್ಡಿಗೆ ಬರುವ ಎಲ್ಲರ ಆಚಾರ ಕಲಿತಿರಬೇಕಾ ಅಂತ ಕೇಳಿದ್ದೀರಿ. ಬೇಡ. ಬಾಯಿಪಾಠ ಮಾಡಿದರೆ ಹೆಸರು ನೋಡಿ ಊಹಿಸುವ ಚಟ ಬೆಳೆಯುತ್ತದೆ ಅಷ್ಟೇ. ಅಡ್ಮಿಷನ್ ಹೊತ್ತಲ್ಲೇ ಕೇಳಿಬಿಡಿ: ಊಟದಲ್ಲಿ ಏನು ಆಗಲ್ಲ, ಉಪವಾಸ ಇದೆಯಾ, ಮೈಮೇಲಿಂದ ತೆಗೆಯಬಾರದ್ದು ಏನಾದರೂ ಇದೆಯಾ. ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಇಲ್ಲದಿದ್ದರೆ ನೈಟ್ ಡ್ಯೂಟಿಯವರು ಬಂದು ಮತ್ತೆ ಅದನ್ನೇ ಕೇಳುತ್ತಾರೆ.

ಕೊನೆಯ ಪ್ರಶ್ನೆ ನಮ್ಮ ಉತ್ತರ ಕರ್ನಾಟಕದಲ್ಲಿ ಬಹಳ ಮುಖ್ಯ. ನಾನಿರುವುದು ಸರ್ಜರಿ ವಾರ್ಡಿನಲ್ಲಿ. ಆಪರೇಷನ್ ಥಿಯೇಟರಿಗೆ ಕಳಿಸುವ ಮುಂಚೆ ಬಳೆ, ಸರ ಎಲ್ಲ ತೆಗೆಸುತ್ತೇವೆ, ಕಾಟರಿ (ಕರೆಂಟಿನಿಂದ ಕೊಯ್ದು ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗ ಮೈಮೇಲೆ ಲೋಹ ಇದ್ದರೆ ಚರ್ಮ ಸುಡುವ ಭಯ. ಆದರೆ ಲಿಂಗಾಯತ ಹಿರಿಯರಿಗೆ ಇಷ್ಟಲಿಂಗ ಒಡವೆ ಅಲ್ಲ. ದೀಕ್ಷೆ ಆದ ಮೇಲೆ ಕೊನೆಯ ಉಸಿರಿನವರೆಗೂ ಅದು ಮೈ ಬಿಡಬಾರದು. "ತೆಗೀರಿ ಅಜ್ಜಾ, ಲೇಟಾಗ್ತಿದೆ" ಅಂದರೆ ಅವರ ಬಿಪಿ ಅಲ್ಲೇ ಏರುತ್ತದೆ! ಹಿಂದಿನ ದಿನವೇ ಸರ್ಜನ್‌ಗೆ, ಅರಿವಳಿಕೆ ಡಾಕ್ಟರಿಗೆ ಹೇಳಿಡಿ. ಅವರು ಒಪ್ಪಿದರೆ ಲಿಂಗ ಇಡುವ ಬೆಳ್ಳಿಯ ಡಬ್ಬಿ, ಅಂದರೆ ಕರಡಿಗೆಯನ್ನು ತೆಗೆದಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಆಪರೇಷನ್ ಜಾಗದಿಂದ ದೂರ ಕಟ್ಟಬಹುದು. ಒಪ್ಪದಿದ್ದರೆ ಅಜ್ಜನ ಕೈಯಿಂದಲೇ ಮನೆಯವರಿಗೆ ಕೊಡಿಸಿ. ಉಂಗುರ, ಹಲ್ಲಿನ ಸೆಟ್ಟಿನ ಜೊತೆ ಒಂದೇ ಕವರಿಗೆ ಮಾತ್ರ ಹಾಕಬೇಡಿ.

ಮ್ಯಾಡಲಿನ್ ಲೈನಿಂಜರ್ ಅಂತ ಅಮೆರಿಕದ ನರ್ಸ್ ಒಬ್ಬರಿದ್ದರು. ಮಾನವಶಾಸ್ತ್ರವನ್ನೂ ಓದಿದವರು. ರೋಗಿಯ ಪದ್ಧತಿಯನ್ನು ನರ್ಸ್ ಮೂರು ರೀತಿ ನೋಡಬಹುದು ಅಂದರು: ಇದ್ದ ಹಾಗೇ ಬಿಡುವುದು, ಎರಡೂ ಕಡೆ ಸ್ವಲ್ಪ ಹೊಂದಿಸುವುದು, ಕೆಡುಕಾಗುವಂತಿದ್ದರೆ ರೋಗಿಯನ್ನು ಜೊತೆಗಿಟ್ಟುಕೊಂಡೇ ಬದಲಿಸುವುದು. ಪರೀಕ್ಷೆಗೆ ಓದಿರುತ್ತೀರಿ, ವಾರ್ಡಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಈಗ.

ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡರೆ, ಮಗುವಿನ ಕಿವಿಯಲ್ಲಿ ಅಜಾನ್ ಹೇಳಿದರೆ ನಮಗೇನು ಕಷ್ಟ? ಬಿಡಿ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಜೈನರಿಗೆ ರಾತ್ರಿ ಎಂಟಕ್ಕೆ "ಊಟ ಆದ ಮೇಲೆ" ಅಂತ ಮಾತ್ರೆ ಬರೆದಿದ್ದರೆ ಡ್ಯೂಟಿ ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿ. ಕೆಲವರು ನೀರನ್ನೂ ಕುಡಿಯುವುದಿಲ್ಲ, ಅದನ್ನೂ ಡಾಕ್ಟರಿಗೆ ಹೇಳಿ. ರಂಜಾನ್‌ನಲ್ಲಿ ಸಕ್ಕರೆ ಕಾಯಿಲೆಯವರದ್ದೂ ಇದೇ ಕಥೆ. ಇನ್ಸುಲಿನ್ ಡೋಸ್ ವಿಷಯ ಉಪವಾಸ ಶುರುವಾಗುವ ಮುಂಚೆಯೇ ಡಾಕ್ಟರ ಕಿವಿಗೆ ಬೀಳಬೇಕು. "ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆಯಲ್ಲ" ಅಂತ ನೀವು ಧರ್ಮ ಹೇಳಿಕೊಡಲು ಹೋಗಬೇಡಿ, ಅದು ಅವರಿಗೂ ಗೊತ್ತು.

ಬಿಡಲಾಗದ್ದೂ ಇದೆ. ಹುಟ್ಟಿದ ಮಗುವಿನ ಬಾಯಿಗೆ ಜೇನು ಹಚ್ಚುವುದು ಅಂಥದ್ದು. ವರ್ಷ ತುಂಬುವವರೆಗೆ ಜೇನು ಕೂಡದು, ಬಾಟ್ಯುಲಿಸಂ ಅನ್ನುವ, ನರಗಳ ಶಕ್ತಿ ಕುಂದಿಸುವ ಅಪಾಯದ ಕಾಯಿಲೆ ಆಗಬಹುದು. ಇದನ್ನು ಬಾಣಂತಿಗೆ ಮಾತ್ರ ಹೇಳಿದರೆ ಏನೂ ಆಗಲ್ಲ, ಜೇನಿನ ಬಾಟಲಿ ಇರುವುದು ಅಜ್ಜಿಯ ಚೀಲದಲ್ಲಿ. ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿ. ಮೊದಲ ಗಂಟೆಯೊಳಗೆ ಮಗುವಿಗೆ ತಾಯಿ ಹಾಲು ಸಿಗುವಂತೆ ನೋಡಿಕೊಳ್ಳುವ ಕೆಲಸವನ್ನು ಅಜ್ಜಿಗೇ ಒಪ್ಪಿಸಿ.