ಓದುಗರ ಪ್ರಶ್ನೆ: ಲಾಟರಿ, ಸ್ಕ್ರ್ಯಾಚ್ ಕಾರ್ಡ್‌ಗೆ ಹಾಕಿದ ದುಡ್ಡು ಎಷ್ಟು ವಾಪಸ್ ಬರುತ್ತದೆ?

ಪ್ರಶ್ನೆ: ವಾರಕ್ಕೆ ಎರಡು ಲಾಟರಿ ಟಿಕೆಟ್ ತಪ್ಪದೆ ಕೊಳ್ಳುತ್ತೇನೆ. ಬಿಡದೆ ಆಡುತ್ತಿದ್ದರೆ ಎಂದಾದರೂ ದೊಡ್ಡ ಬಹುಮಾನ ಹೊಡೆಯಲೇಬೇಕಲ್ಲವೇ?

ಹಾಗೇನೂ ಇಲ್ಲ. 49 ಸಂಖ್ಯೆಗಳಲ್ಲಿ 6 ಆರಿಸುವ ಆಟವನ್ನೇ ನೋಡಿ. ಹಲವು ದೇಶಗಳಲ್ಲಿ ಚಾಲ್ತಿಯಲ್ಲಿರುವ ಮಾದರಿ ಇದು. ಅದರಲ್ಲಿ ಒಟ್ಟು 1,39,83,816 ಜೋಡಣೆಗಳು ಸಾಧ್ಯ. ನಿಮ್ಮ ಒಂದು ಟಿಕೆಟ್ ಅವುಗಳಲ್ಲಿ ಒಂದು. ವಾರಕ್ಕೆ ಎರಡರಂತೆ ವರ್ಷಕ್ಕೆ 104 ಟಿಕೆಟ್ ಆಯಿತು. ಈ ವೇಗದಲ್ಲಿ, ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ ಅರ್ಧಕ್ಕೆ ಮುಟ್ಟಬೇಕಾದರೆ ಸುಮಾರು 93,000 ವರ್ಷ ಆಡಬೇಕು. ಹತ್ತು ವರ್ಷದಿಂದ ಸೋಲುತ್ತಿರುವವರಿಗೂ ಇಂದೇ ಮೊದಲ ಟಿಕೆಟ್ ಕೊಂಡವರಿಗೂ ಮುಂದಿನ ಡ್ರಾದಲ್ಲಿ ಇರುವ ಅವಕಾಶ ಒಂದೇ.

ಸಣ್ಣ ಬಹುಮಾನಗಳ ಲೆಕ್ಕವೂ ತಿಳಿದಿರಲಿ. ಇದೇ ಆಟದಲ್ಲಿ ಮೂರು ಸಂಖ್ಯೆ ಸರಿಹೊಂದುವುದು ಸುಮಾರು 57 ಟಿಕೆಟ್‌ಗೆ ಒಮ್ಮೆ, ನಾಲ್ಕು ಹೊಂದುವುದು 1,032ಕ್ಕೆ ಒಮ್ಮೆ, ಐದು ಹೊಂದುವುದು 54,201ಕ್ಕೆ ಒಮ್ಮೆ. ನೂರರಲ್ಲಿ ಸುಮಾರು 44 ಟಿಕೆಟ್‌ಗಳಲ್ಲಿ ಒಂದು ಸಂಖ್ಯೆಯೂ ಹೊಂದುವುದಿಲ್ಲ.

ಇಂಥ ಲಾಟರಿಗಳಲ್ಲಿ ಟಿಕೆಟ್ ಮಾರಿ ಬಂದ ಹಣದ ಹೆಚ್ಚುಕಡಿಮೆ ಅರ್ಧ ಮಾತ್ರ ಬಹುಮಾನಕ್ಕೆ ಹೋಗುತ್ತದೆ. ಮಿಕ್ಕದ್ದು ಸರ್ಕಾರದ ಪಾಲು, ಏಜೆಂಟರ ಕಮಿಷನ್, ಜಾಹೀರಾತು, ನಿರ್ವಹಣೆ. ಆ ಅರ್ಧದಲ್ಲೂ ದೊಡ್ಡ ತುಂಡು ಜಾಕ್‌ಪಾಟ್‌ಗೇ ಮೀಸಲು. ಜಾಕ್‌ಪಾಟ್ ಹೊಡೆಯದವರಿಗೆ, ಅಂದರೆ ಬಹುತೇಕ ಎಲ್ಲರಿಗೂ, ಕೈಗೆ ಮರಳುವುದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಆದಾಯದ ದಾರಿಯಾಗಿ ಲಾಟರಿ ಲಾಭದಾಯಕವಲ್ಲ, ಇದನ್ನು ಅಳುಕಿಲ್ಲದೆ ಹೇಳಬಹುದು. ಸಿನಿಮಾಗೆ ಕೊಟ್ಟ ಹಣದಂತೆ ಮರಳಿ ಬಾರದೆಂದು ಮೊದಲೇ ಲೆಕ್ಕದಿಂದ ತೆಗೆದಿಟ್ಟ ಸಣ್ಣ ಮೊತ್ತವಾದರೆ ಅಡ್ಡಿಯಿಲ್ಲ.

ಪ್ರಶ್ನೆ: ಸ್ಕ್ರ್ಯಾಚ್ ಕಾರ್ಡ್ ಮೇಲೆ ‘ನಾಲ್ಕರಲ್ಲಿ ಒಂದಕ್ಕೆ ಬಹುಮಾನ’ ಎಂದು ಬರೆದಿತ್ತು. ನಾಲ್ಕು ಕೊಂಡೆ, ಒಂದರಲ್ಲೂ ಏನೂ ಬರಲಿಲ್ಲ. ಇದು ಮೋಸವೇ?

ಮೋಸವಾಗಬೇಕಿಲ್ಲ. ಆ ಮಾತು ಮುದ್ರಿಸಿದ ಲಕ್ಷಾಂತರ ಕಾರ್ಡುಗಳ ಒಟ್ಟು ಸರಾಸರಿ, ನಿಮ್ಮ ಕೈಯಲ್ಲಿರುವ ನಾಲ್ಕರ ಬಗ್ಗೆ ಕೊಟ್ಟ ಭರವಸೆಯಲ್ಲ. ನಾಲ್ಕೂ ಖಾಲಿ ಬರುವ ಸಾಧ್ಯತೆ ನೂರಕ್ಕೆ 32ರಷ್ಟಿದೆ. ಹತ್ತು ಕೊಂಡರೂ ಹತ್ತೂ ಖಾಲಿಯಾಗುವ ಸಾಧ್ಯತೆ ನೂರಕ್ಕೆ ಐದಾರು.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಾರ್ಡಿನ ಬೆಲೆಯಷ್ಟೇ ಮರಳಿ ಬಂದರೂ ಅದನ್ನು ‘ಬಹುಮಾನ’ ಎಂದೇ ಎಣಿಸುತ್ತಾರೆ. ಅಂಥವನ್ನು ತೆಗೆದುಹಾಕಿದರೆ ನಾಲ್ಕರಲ್ಲಿ ಒಂದು ಎಂಬುದು ಎಷ್ಟೋ ಕೆಳಗಿಳಿಯುತ್ತದೆ.

ಕೊಳ್ಳುವ ಮುನ್ನ ಲೆಕ್ಕ ಹೀಗೆ ಹಾಕಿ. ಆಟದ ನಿಯಮದ ಹಾಳೆಯಲ್ಲೋ ಸಂಸ್ಥೆಯ ಜಾಲತಾಣದಲ್ಲೋ ಒಟ್ಟು ಎಷ್ಟು ಕಾರ್ಡು, ಯಾವ ಬಹುಮಾನ ಎಷ್ಟು ಎಂಬ ಪಟ್ಟಿ ಇದ್ದರೆ ಪ್ರತಿ ಬಹುಮಾನದ ಮೊತ್ತವನ್ನು ಅದರ ಸಂಖ್ಯೆಯಿಂದ ಗುಣಿಸಿ ಎಲ್ಲವನ್ನೂ ಕೂಡಿಸಿ. ಒಟ್ಟು ಕಾರ್ಡುಗಳನ್ನು ಒಂದು ಕಾರ್ಡಿನ ಬೆಲೆಯಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ನೂರಕ್ಕೆ ಎಷ್ಟು ಮರಳುತ್ತದೆಂದು ಗೊತ್ತಾಗುತ್ತದೆ. ಆಮೇಲೆ ದೊಡ್ಡ ಬಹುಮಾನಗಳು ಇನ್ನೂ ಉಳಿದಿವೆಯೇ ನೋಡಿ. ಕಾರ್ಡ್ ಅಚ್ಚಾಗುವಾಗಲೇ ಬಹುಮಾನ ನಿಗದಿಯಾಗಿರುತ್ತದೆ. ಮೊದಲ ಬಹುಮಾನಗಳೆಲ್ಲ ಯಾರ ಪಾಲಿಗೋ ಹೋದ ಮೇಲೂ ಉಳಿದ ಕಾರ್ಡುಗಳು ಅಂಗಡಿಯಲ್ಲಿ ಮಾರಾಟವಾಗುತ್ತಿರಬಹುದು. ಪಟ್ಟಿಯೇ ಸಿಗದಿದ್ದರೆ ಆ ಕಾರ್ಡಿನ ಸಹವಾಸ ಬೇಡ.

ಸ್ಕ್ರ್ಯಾಚ್ ಕಾರ್ಡ್‌ಗಳು ಸಾಮಾನ್ಯವಾಗಿ ಡ್ರಾ ಲಾಟರಿಗಿಂತ ಹೆಚ್ಚು ಪಾಲು ಮರಳಿಸುತ್ತವೆ, ನಿಜ. ಆದರೂ ಕೈ ಬೇಗ ಖಾಲಿಯಾಗುವುದು ಇಲ್ಲೇ. ಡ್ರಾಗೆ ವಾರ ಕಾಯಬೇಕು, ಇಲ್ಲಿ ಅರೆನಿಮಿಷ ಸಾಕು. ಗೆದ್ದ ಚಿಲ್ಲರೆಯಲ್ಲಿ ಅಲ್ಲೇ ಇನ್ನೊಂದು ಕಾರ್ಡ್ ಕೊಳ್ಳುತ್ತೇವೆ. ನೂರಕ್ಕೆ 65 ಮರಳುವ ಕಾರ್ಡ್ ಎಂದಿಟ್ಟುಕೊಳ್ಳಿ. ಬಂದದ್ದನ್ನೆಲ್ಲ ಮತ್ತೆ ಹಾಕುತ್ತಾ ಹೋದರೆ 100 ಇದ್ದದ್ದು ಸರಾಸರಿಯಲ್ಲಿ 65, 42, 27, 18 ಆಗಿ ಐದನೇ ಸುತ್ತಿಗೆ 12ಕ್ಕೆ ಇಳಿಯುತ್ತದೆ. ಗೆದ್ದ ಹಣವನ್ನು ಜೇಬಿಗೆ ಹಾಕಿ ಮನೆಗೆ ಹೊರಡುವುದೊಂದೇ ಇದಕ್ಕೆ ತಡೆ. ಮೂರು ಚಿತ್ರ ಬೇಕಿದ್ದಲ್ಲಿ ಎರಡು ಕಂಡು ‘ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು’ ಅನ್ನಿಸಿದರೆ, ಅದೂ ಪೂರ್ತಿ ಖಾಲಿ ಕಾರ್ಡೇ ಎಂದು ತಿಳಿಯಿರಿ.

ಪ್ರಶ್ನೆ: ಕಾರ್ಡ್ ಉಜ್ಜದೆಯೇ ಗೆಲ್ಲುವ ಕಾರ್ಡನ್ನು ಗುರುತಿಸಬಹುದಂತೆ, ಹೌದೇ?

ಒಮ್ಮೆ ಆದದ್ದುಂಟು. 2003ರಲ್ಲಿ ಕೆನಡಾದ ಟೊರಾಂಟೊ ನಗರದ ಸಂಖ್ಯಾಶಾಸ್ತ್ರಜ್ಞ ಮೋಹನ್ ಶ್ರೀವಾಸ್ತವ ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಒಂದು ಕಾರ್ಡಿನಲ್ಲಿ ದೋಷ ಕಂಡುಹಿಡಿದರು. ಮೇಲೆ ಕಾಣುವ ಸಂಖ್ಯೆಗಳಲ್ಲಿ ಒಂದೇ ಬಾರಿ ಬಂದಿರುವಂಥವು ಮೂರು ಒಂದೇ ಸಾಲಿನಲ್ಲಿದ್ದರೆ ಆ ಕಾರ್ಡ್ ಬಹುತೇಕ ಗೆಲ್ಲುತ್ತಿತ್ತು. ಇದನ್ನೇ ಕಸುಬು ಮಾಡಿಕೊಂಡರೆ ತಮ್ಮ ವೃತ್ತಿಯ ಸಂಪಾದನೆಯಷ್ಟು ಹುಟ್ಟದೆಂದು ಲೆಕ್ಕ ಹಾಕಿ, ಅವರು ಸಂಸ್ಥೆಗೇ ತಿಳಿಸಿದರು. ಆ ಆಟವನ್ನು ಹಿಂತೆಗೆದುಕೊಂಡರು. ಇಂಥ ‘ಗುಟ್ಟು’ಗಳನ್ನು ಹಣಕ್ಕೆ ಮಾರುವವರಿಂದ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಮಕ್ಕಳ ಹುಟ್ಟಿದ ದಿನಾಂಕಗಳನ್ನೇ ಆರಿಸುತ್ತೇನೆ. ಸಂಖ್ಯೆ ಆರಿಸುವುದರಲ್ಲಿ ಜಾಣತನವಿದೆಯೇ?

ಗೆಲ್ಲುವ ಸಾಧ್ಯತೆ ಬದಲಾಗದು, ಗೆದ್ದರೆ ಸಿಗುವ ಪಾಲು ಬದಲಾದೀತು. ಬಲ್ಗೇರಿಯಾದಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಬೆನ್ನುಬೆನ್ನಿಗೆ ಎರಡು ಡ್ರಾಗಳಲ್ಲಿ 4, 15, 23, 24, 35, 42 ಎಂಬ ಅವೇ ಆರು ಸಂಖ್ಯೆಗಳು ಬಂದವು. ಹಾಗಾಗಿ ‘ಮೊನ್ನೆ ಬಂದದ್ದು ಇವತ್ತು ಬರದು’ ಎಂಬ ಲೆಕ್ಕಾಚಾರ ಬಿಡಿ. ಆದರೆ ಜಾಕ್‌ಪಾಟ್ ಹಂಚಿಹೋಗುವ ಆಟದಲ್ಲಿ ಎಲ್ಲರೂ ಆರಿಸುವ ಸಂಖ್ಯೆ ಆರಿಸಿದರೆ ನಷ್ಟ. ಬ್ರಿಟನ್ನಿನಲ್ಲಿ 1995ರ ಜನವರಿ 14ರಂದು 1.6 ಕೋಟಿ ಪೌಂಡಿಗೂ ಮೀರಿದ ಜಾಕ್‌ಪಾಟನ್ನು 133 ಜನ ಹಂಚಿಕೊಂಡರು. ತಲೆಗೆ ಬಂದದ್ದು 1,22,510 ಪೌಂಡ್. ಹುಟ್ಟಿದ ದಿನಾಂಕ 31 ದಾಟುವುದಿಲ್ಲ. ಆದ್ದರಿಂದ 31ರ ಮೇಲಿನವನ್ನೂ ಸೇರಿಸಿ. 1, 2, 3, 4, 5, 6ರಂಥ ಸಾಲು, ಚೀಟಿಯ ಮೇಲೆ ನೇರಗೆರೆ ಮೂಡಿಸುವ ಗುರುತು ಬೇಡ.

ಪ್ರಶ್ನೆ: ಜಾಕ್‌ಪಾಟ್ ಬೆಳೆದು ಬೆಳೆದು ಬಹಳ ದೊಡ್ಡದಾದಾಗ ಮಾತ್ರ ಆಡಿದರೆ?

ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಮೊತ್ತ ಬೆಳೆದಂತೆ ಕೊಳ್ಳುವವರೂ ಹೆಚ್ಚುತ್ತಾರೆ. ಒಟ್ಟು ಜೋಡಣೆಗಳಷ್ಟೇ ಟಿಕೆಟ್ ಬೇರೆಯವರಿಗೆ ಮಾರಾಟವಾಗಿದ್ದರೆ, ಗೆದ್ದವರು ಒಬ್ಬರೇ ಆಗಿರುವ ಸಾಧ್ಯತೆ ನೂರಕ್ಕೆ 37 ಮಾತ್ರ. ಅಮೆರಿಕದ ಪವರ್‌ಬಾಲ್‌ನಂಥ ಆಟದಲ್ಲಿ ಜಾಹೀರಾತಿನ ಮೊತ್ತ 29 ವರ್ಷಗಳಲ್ಲಿ 30 ಕಂತಾಗಿ ಬರುವಂಥದ್ದು. ಒಮ್ಮೆಲೇ ಬೇಕೆಂದರೆ ಬಹಳ ಕಡಿಮೆ, ಅದರ ಮೇಲೆ ತೆರಿಗೆ. ಅಲ್ಲಿ ಜೋಡಣೆಗಳೂ 29,22,01,338.

ಎಲ್ಲ ಜೋಡಣೆಗಳನ್ನೂ ಕೊಳ್ಳಲು ಹೊರಟವರೂ ಇದ್ದರು. 1992ರಲ್ಲಿ ಸ್ಟೆಫಾನ್ ಮ್ಯಾಂಡೆಲ್ ಎಂಬವರ ಹೂಡಿಕೆದಾರರ ಗುಂಪು ಅಮೆರಿಕದ ವರ್ಜೀನಿಯಾ ರಾಜ್ಯದ ಲಾಟರಿಯ 70 ಲಕ್ಷ ಚಿಲ್ಲರೆ ಜೋಡಣೆಗಳನ್ನು ಕೊಳ್ಳಲು ನೋಡಿತು. ಸಮಯ ಸಾಲದೆ ಸುಮಾರು 50 ಲಕ್ಷಕ್ಕೇ ನಿಲ್ಲಬೇಕಾಯಿತು. ಬಹುಮಾನವೇನೋ ಹೊಡೆಯಿತು, ಆದರೆ ಆಗಲೂ ಅದೃಷ್ಟ ಬೇಕಾಯಿತು.

ಪ್ರಶ್ನೆ: ಕಚೇರಿಯಲ್ಲಿ ಹತ್ತು ಜನ ಸೇರಿ ಟಿಕೆಟ್ ಕೊಳ್ಳುತ್ತೇವೆ. ಲಾಭವಿದೆಯೇ?

ಅವಕಾಶ ಹತ್ತು ಪಟ್ಟು, ಪಾಲು ಹತ್ತರಲ್ಲಿ ಒಂದು. ಸರಾಸರಿ ಅಲ್ಲಿಗಲ್ಲಿಗೆ. ಆದರೆ ಜಗಳಕ್ಕೆ ದಾರಿಯಾಗದಂತೆ ಬರೆದಿಟ್ಟುಕೊಳ್ಳಿ: ಯಾರು ಎಷ್ಟು ಹಾಕಿದರು, ಟಿಕೆಟ್ ಯಾರ ಬಳಿ ಇರುತ್ತದೆ, ಒಂದು ವಾರ ಹಣ ಕೊಡದವರಿಗೆ ಆ ವಾರ ಪಾಲು ಇದೆಯೇ ಇಲ್ಲವೇ. ಡ್ರಾಗೆ ಮೊದಲೇ ಟಿಕೆಟಿನ ಫೋಟೊ ಎಲ್ಲರಿಗೂ ಕಳಿಸಿ.

ಪ್ರಶ್ನೆ: ನಮ್ಮ ಯಜಮಾನರು ಕಳೆದುಕೊಂಡದ್ದನ್ನು ಮರಳಿ ಪಡೆಯಲೆಂದು ಸಾಲ ಮಾಡಿ ಕಾರ್ಡ್ ಕೊಳ್ಳುತ್ತಿದ್ದಾರೆ. ಏನು ಮಾಡಲಿ?

ಅಮ್ಮಾ, ಇದು ಹವ್ಯಾಸದ ಗಡಿ ದಾಟಿದೆ. ಸೋತದ್ದನ್ನು ಬೆನ್ನಟ್ಟುವುದು, ಸಾಲ, ಖರ್ಚು ಮುಚ್ಚಿಡುವುದು ಜೂಜಿನ ಚಟದ ಸ್ಪಷ್ಟ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯಿದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅಲ್ಲಿಯವರೆಗೆ ಮನೆಖರ್ಚಿನ ಹಣ ನಿಮ್ಮ ಹೆಸರಿನ ಬೇರೆ ಖಾತೆಗೆ ಬರುವಂತೆ ಮಾಡಿಕೊಳ್ಳಿ, ಯಾವ ಸಾಲಪತ್ರಕ್ಕೂ ಜಾಮೀನು ಸಹಿ ಹಾಕಬೇಡಿ. ‘ಇದೊಂದು ಸಲ’ ಎಂದು ಅವರ ಸಾಲ ತೀರಿಸಿ ಮುಗಿಸಬೇಡಿ. ಕೈಗೆ ಹಣ ಕೊಡದೆ, ಸಾಲ ಕೊಟ್ಟವರ ಪಟ್ಟಿ ಇಬ್ಬರೂ ಕೂತು ಬರೆದು ಕಂತು ಗೊತ್ತುಮಾಡಿ. ಬೈಗುಳದಿಂದ ಚಟ ಬಿಡುವುದಿಲ್ಲ, ಇನ್ನಷ್ಟು ಮರೆಗೆ ಸರಿಯುತ್ತದೆ.

ಪ್ರಶ್ನೆ: ‘ನಿಮಗೆ ಲಾಟರಿ ಹೊಡೆದಿದೆ, ತೆರಿಗೆ ಕಟ್ಟಿ ಬಹುಮಾನ ಪಡೆಯಿರಿ’ ಎಂದು ಮೊಬೈಲ್‌ಗೆ ಸಂದೇಶ ಬಂದಿದೆ.

ಟಿಕೆಟ್ ಕೊಳ್ಳದೆ ಲಾಟರಿ ಹೊಡೆಯುವುದಿಲ್ಲ. ಬಹುಮಾನ ಕೊಡುವ ಮುಂಚೆ ಯಾವ ನಿಜವಾದ ಲಾಟರಿಯೂ ಗೆದ್ದವರಿಂದ ತೆರಿಗೆ, ಶುಲ್ಕ ಕೇಳುವುದಿಲ್ಲ. ಕೊಂಡಿ ಒತ್ತಬೇಡಿ, ಒಟಿಪಿ ಹೇಳಬೇಡಿ. ಈಗಾಗಲೇ ಹಣ ಕಳಿಸಿದ್ದರೆ ಮೊದಲು ಬ್ಯಾಂಕಿಗೆ, ಬಳಿಕ ಪೊಲೀಸರಿಗೆ ಅಂದೇ ತಿಳಿಸಿ.