ಲೈಸೆನ್ಸ್ ನಿಮ್ಮ ಕೋಡಿಗೆ, ಷರತ್ತು ಅವರ ಸರ್ವರಿಗೆ

ಒಂದು ಜಾಲತಾಣದ ಪುಟಗಳಿಂದ ಮಾಹಿತಿ ಹೆಕ್ಕುವ ಪ್ರೋಗ್ರಾಮನ್ನು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿ ಬಿಡುಗಡೆ ಮಾಡಬೇಕೆಂದಿದ್ದೀರಿ. ಆ ತಾಣದ ಬಳಕೆಯ ಷರತ್ತುಗಳಲ್ಲಿ ವಾಣಿಜ್ಯ ಬಳಕೆ ಸಲ್ಲದು ಎಂದಿರುವುದರಿಂದ ಅದೇ ಸಾಲನ್ನು ನಿಮ್ಮ ಲೈಸೆನ್ಸಿಗೂ ಸೇರಿಸಬೇಕೇ ಎಂದು ಕೇಳಿದ್ದೀರಿ.

ದಯವಿಟ್ಟು ಸೇರಿಸಬೇಡಿ. ಯಾವುದೇ ಕ್ಷೇತ್ರದ ಬಳಕೆಯನ್ನು ತಡೆಯಬಾರದು ಎನ್ನುವುದು ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಕೋಡ್) ವ್ಯಾಖ್ಯೆಯ 6ನೇ ಅಂಶ. ಆ ಸಾಲು ಬಂದರೆ ನಿಮ್ಮದು ಓಪನ್ ಸೋರ್ಸ್ ಅಲ್ಲ. ಅದರ ಅಗತ್ಯವೂ ಇಲ್ಲ. ಲೈಸೆನ್ಸ್ ಹೇಳುವುದು ನಿಮ್ಮ ಕೋಡನ್ನು ಯಾರು ಏನು ಮಾಡಬಹುದು ಎಂದು. ಷರತ್ತು ಹೇಳುವುದು ಅವರ ಸರ್ವರಿಗೆ ಬಂದವರು ಹೇಗೆ ನಡೆದುಕೊಳ್ಳಬೇಕು ಎಂದು.

ಜನರೇ ಸೇರಿ ಕಟ್ಟುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದರ ದತ್ತಾಂಶ 2012ರಿಂದ ಒಡಿಬಿಎಲ್ ಲೈಸೆನ್ಸಿನಲ್ಲಿದೆ, ಮೂಲ ಹೆಸರಿಸಿ ಯಾರು ಬೇಕಾದರೂ ಬಳಸಬಹುದು. ವಿಳಾಸ ಹುಡುಕಿಕೊಡುವ ನಾಮಿನಾಟಿಮ್‌ನ ಕೋಡೂ ಮುಕ್ತ. ಆದರೆ ಅವರು ನಡೆಸುವ ಸಾರ್ವಜನಿಕ ನಾಮಿನಾಟಿಮ್ ಸರ್ವರಿಗೆ ಸೆಕೆಂಡಿಗೆ 1ಕ್ಕಿಂತ ಹೆಚ್ಚು ಕೋರಿಕೆ ಕಳಿಸುವಂತಿಲ್ಲ, ಕಳಿಸುವ ಪ್ರೋಗ್ರಾಮ್ ತನ್ನ ಗುರುತು ಹೇಳಲೇಬೇಕು. ಈ ಮಿತಿ ಒಬ್ಬೊಬ್ಬ ಬಳಕೆದಾರನಿಗಲ್ಲ, ಆ್ಯಪಿನ ಎಲ್ಲ ಬಳಕೆದಾರರಿಗೂ ಸೇರಿ! ನಮ್ಮಂಥವರು ಎಡವುವುದು ಇಲ್ಲೇ. ನೀವೊಬ್ಬರೇ ಓಡಿಸುವಾಗ ಸಭ್ಯವಾಗಿದ್ದ ಪ್ರೋಗ್ರಾಮ್, ಸಾವಿರ ಜನರ ಕೈಗೆ ಹೋದಾಗ ಆ ಸರ್ವರಿಗೆ ಹೊರೆಯಾಗುತ್ತದೆ. ಆದ್ದರಿಂದ ಸರ್ವರ್ ವಿಳಾಸ, ಎಪಿಐ ಕೀ (ಸರ್ವರ್ ಬಳಸಲು ಕೊಡುವ ಗುರುತಿನ ಸಂಕೇತ), ಕೋರಿಕೆಗಳ ನಡುವಿನ ಬಿಡುವು ಇವನ್ನೆಲ್ಲ ಸೆಟ್ಟಿಂಗ್‌ನಲ್ಲಿಡಿ. ಕೀ ಆಯಾ ಬಳಕೆದಾರನದೇ ಇರಲಿ. ತಾಣದ ಷರತ್ತು ಓದಿ ಎಂದು ಕೋಡಿನ ಜೊತೆಗಿಡುವ ಪರಿಚಯ ಕಡತ ರೀಡ್‌ಮಿಯ ಮೊದಲ ಪುಟದಲ್ಲೇ ಬರೆಯಿರಿ.

ಇನ್ನೊಂದು ಅಪಾಯ ಟೆಸ್ಟ್ ಫೋಲ್ಡರಿನಲ್ಲಿದೆ. ನಾನು ಹಿಂದೆ ಒಂದು ತಾಣದ ಸುಮಾರು ನಲವತ್ತು ಪುಟಗಳನ್ನು ಪರೀಕ್ಷೆಗೆಂದು ಕೋಡಿನ ಭಂಡಾರವಾದ ರೆಪೊಸಿಟರಿಯಲ್ಲೇ ಇಟ್ಟಿದ್ದೆ. ತೆಗೆಯಿರಿ ಎಂದು ಪತ್ರ ಬಂತು, ತೆಗೆದೆ. ಆದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳುತ್ತದಲ್ಲ. ಇಡೀ ಇತಿಹಾಸವನ್ನೇ ತಿದ್ದಿ ಬರೆಯಬೇಕಾಯಿತು, ಫೋರ್ಕ್ (ತಮ್ಮದೇ ಪ್ರತಿ) ಮಾಡಿಕೊಂಡವರಿಗೆಲ್ಲ ಹೇಳಿ ಕಳಿಸಬೇಕಾಯಿತು. 2020ರಲ್ಲಿ ವಿಡಿಯೋ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಪ್ರೋಗ್ರಾಮನ್ನು ಕೋಡ್ ಹಂಚುವ ತಾಣ ಗಿಟ್‌ಹಬ್‌ನಿಂದ ಕೆಲವು ವಾರ ತೆಗೆದುಹಾಕಿದಾಗಲೂ ದೂರಿನಲ್ಲಿ ಅದರ ಟೆಸ್ಟ್‌ಗಳಲ್ಲಿದ್ದ ಹಾಡುಗಳ ಕೊಂಡಿಗಳನ್ನೂ ಎತ್ತಿ ತೋರಿಸಿದ್ದರು. ಮಾದರಿ ಪುಟಗಳನ್ನು ನೀವೇ ಕಟ್ಟಿ.

ಸಾರ್ವಜನಿಕ ಪುಟ ತಾನೇ ಎಂದು ಸುಮ್ಮನಿರಬೇಡಿ. ಲಿಂಕ್ಡ್‌ಇನ್ ತಾಣದ ಸಾರ್ವಜನಿಕ ಪುಟಗಳಿಂದ ಮಾಹಿತಿ ಹೆಕ್ಕುತ್ತಿದ್ದ ಹೈಕ್ಯೂ ಕಂಪನಿ ಮತ್ತು ಲಿಂಕ್ಡ್‌ಇನ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2022ರಲ್ಲಿ, ತೆರೆದ ಪುಟ ಓದುವುದು ಕಂಪ್ಯೂಟರ್ ಅತಿಕ್ರಮಣ ಆಗಲಾರದು ಎಂಬ ಕಡೆಗೆ ವಾಲಿತು. ಅದೇ ವರ್ಷ ಕೆಳ ನ್ಯಾಯಾಲಯ, ಹೈಕ್ಯೂ ಲಿಂಕ್ಡ್‌ಇನ್‌ನ ಬಳಕೆದಾರ ಒಪ್ಪಂದವನ್ನು ಮುರಿದಿದೆ ಎಂದಿತು.

ಷರತ್ತು ಯಂತ್ರದಿಂದ ಓದುವುದನ್ನೇ ಸಾರಾಸಗಟು ನಿಷೇಧಿಸಿದ್ದರೆ, ಕೋಡ್ ಪ್ರಕಟಿಸುವ ಮೊದಲು ಅವರಿಗೊಂದು ಪತ್ರ ಬರೆಯಿರಿ: ಯಾವ ಪುಟಗಳು, ದಿನಕ್ಕೆ ಎಷ್ಟು ಸಲ, ಏತಕ್ಕೆ. ನನಗೆ ಎರಡು ಸಲ ಹೀಗೆ ಒಪ್ಪಿಗೆ ಸಿಕ್ಕಿದೆ. ಒಂದು ಸಲ ಆಗದು ಎಂದರು, ಆ ತಾಣದ ಭಾಗವನ್ನು ಕೈಬಿಟ್ಟು ಉಳಿದದ್ದನ್ನು ಬಿಡುಗಡೆ ಮಾಡಿದೆ.